ಶರಣಮ್ಮನಿಗಾಗಿ ಬೀದಿಯೆಲ್ಲ ಮಿಂದದ್ದು

ಧನುರ್ಮಾಸದಲ್ಲಿ ಪ್ರಾಣ ಬಿಡುವುದಕ್ಕೆ ಪುಣ್ಯ ಮಾಡಿರಬೇಕು ಅನ್ನುತ್ತಾರೆ. ಹೋದವರಿಗೆ ಪುಣ್ಯವೋ ಏನೋ, ಉಳಿದವರಿಗೆ ಮಾತ್ರ ಆ ಚಳಿಯಲ್ಲಿ ಉಟ್ಟ ಬಟ್ಟೆಯಲ್ಲೇ ತಲೆಗೆ ತಣ್ಣೀರು ಸುರಿದುಕೊಳ್ಳುವ ಕರ್ಮ. ಮದ್ದೂರಿನ ಗುಡಿಬೀದಿಯವರು ಒಂದು ಭಾನುವಾರ ಬೆಳಿಗ್ಗೆ ಹೀಗೆ ಮನೆಮನೆಯೂ ತಣ್ಣೀರು ಸುರಿದುಕೊಂಡು, ಹಲ್ಲು ಕಟಕಟ ಅನ್ನಿಸಿಕೊಂಡು, ದೇವಸ್ಥಾನಕ್ಕೂ ಬೀಗ ಜಡಿದು, ಸಂಜೆ ಹೊತ್ತಿಗೆ ಸತ್ತದ್ದು ಕೋಳಿ ಅಂತ ಪತ್ತೆ ಮಾಡಿದರು. ತಪ್ಪೆಲ್ಲ ತಿರುನಾರಾಯಣ ಮೇಷ್ಟರದು ಅಂತ ಬೀದಿ ಇವತ್ತಿಗೂ ಹೇಳುತ್ತದೆ. ಹೇಳಲಿ, ಬಾಯಿ ಅವರದು. ನಡೆದದ್ದನ್ನು ಪೂರ್ತಿ ಕೇಳಿ, ಆಮೇಲೆ ನೀವೇ ಹೇಳಿ.

ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟು ಆಗಿನ್ನೂ ಎರಡು ತಿಂಗಳು ತುಂಬಿರಲಿಲ್ಲ. ಮಿಡ್ಲ್ ಸ್ಕೂಲಿನ ತಿರುನಾರಾಯಣ ಮೇಷ್ಟರು ಬೋರ್ಡಿನ ಮೇಲೆ ಹಳೆಯ ಹೆಸರನ್ನೇ ಬರೆದು ಮಕ್ಕಳ ಕೈಲಿ ತಿದ್ದಿಸಿಕೊಳ್ಳುತ್ತಿದ್ದರು. ಮರೆವು ಅವರ ಹುಟ್ಟುಗುಣ. ಸೈಕಲ್ಲಿನಲ್ಲಿ ಪೇಟೆಗೆ ಹೋಗಿ ನಡೆದುಕೊಂಡು ಮನೆಗೆ ಬರುವವರು. ಜೋರಾಗಿ ಒಂದು ಮಾತಾಡಿದವರಲ್ಲ. ತರಗತಿಯಲ್ಲಿ ಹುಡುಗರು ಗಲಾಟೆ ಮಾಡಿದರೆ ತಾವೇ ಹೊರಗೆ ಹೋಗಿ ನಿಂತುಕೊಳ್ಳುವವರು. ಇಂಥವರ ಮನೆಯಲ್ಲಿ, ಅದೂ ಅಯ್ಯಂಗಾರರ ಮನೆಯಲ್ಲಿ, ದೇವಸ್ಥಾನದ ಗೋಡೆಗೆ ಅಂಟಿಕೊಂಡ ಬೀದಿಯಲ್ಲಿ ಕೋಳಿ ಎಲ್ಲಿಂದ ಬಂತು ಅನ್ನುತ್ತೀರಿ.

ಅದಾಗಿಯೇ ಬಂತು, ಆ ಭಾನುವಾರಕ್ಕೂ ಒಂದು ವರ್ಷ ಮುಂಚೆ. ಬೀದಿಗೆ ಹಾಲು ಹಾಕುವ ವೈದ್ಯನಾಥಪುರದ ಜವರಯ್ಯ ಪಟ್ಟಲದಮ್ಮನಿಗೆ ಹರಕೆ ಹೊತ್ತು, ಒಂದು ಕೆಂಪು ಹ್ಯಾಟೆಕೋಳಿಯನ್ನು ಸೈಕಲ್ಲಿನ ಹ್ಯಾಂಡಲಿಗೆ ತೂಗುಹಾಕಿಕೊಂಡು ಹೊರಟಿದ್ದ. ಗುಡಿಬೀದಿಯ ತಿರುವಿನಲ್ಲಿ ಅದು ಚೀಲ ಹರಿದುಕೊಂಡು ಇಳಿಯಿತು. ಇಳಿದದ್ದು ನೇರವಾಗಿ ಮೇಷ್ಟರ ಮನೆಗೆ ನುಗ್ಗಿ, ಅವರು ಕೂತಿದ್ದ ಮಣೆಯ ಕೆಳಗೆ ತಲೆ ತೂರಿಸಿ, ಅವರ ಪಾದದ ಮೇಲೆ ಕೂತುಬಿಟ್ಟಿತು. ಜವರಯ್ಯ ಬಾಗಿಲಲ್ಲಿ ನಿಂತು, "ಸಾಮಿ, ಇಡ್ಕೊಡಿ, ಅದು ಅಮ್ಮನ ಕೋಳಿ" ಅಂದ. ಮೇಷ್ಟರು ಪಾದದ ಕಡೆ ನೋಡಿದರು. ಶರಣು ಬಂದವರನ್ನು ಕೈಬಿಡಬಾರದು ಅಂತ ತಾತನ ಕಾಲದಿಂದ ಆ ಮನೆಯಲ್ಲಿ ಬೆಳಿಗ್ಗೆ ಸಂಜೆ ಪಠಿಸಿದ್ದೇ ಪಠಿಸಿದ್ದು. ಇಲ್ಲಿಯವರೆಗೆ ಯಾರೂ ಬಂದಿರಲಿಲ್ಲ ಅಷ್ಟೆ. ಈಗ ಬಂದಳು. ಮೇಷ್ಟರು ಅಡುಗೆಮನೆಯಿಂದ ಒಂದು ಬೂದುಗುಂಬಳಕಾಯಿ ತಂದು ಕುಂಕುಮ ಹಚ್ಚಿ, "ಅಮ್ಮನಿಗೆ ಇದನ್ನ ಒಡಿ ಜವರಯ್ಯ" ಅಂತ ಅವನ ಚೀಲಕ್ಕೆ ಇಳಿಸಿದರು.

ಪಟ್ಟಲದಮ್ಮ ಏನೂ ಅನ್ನಲಿಲ್ಲ. ಜವರಯ್ಯನ ಹೆಂಡತಿ ಹೊಂಬಾಳಮ್ಮ ಮಾತ್ರ, "ಕೋಳಿ ತಕ್ಕೊಂಡೋಗಿ ಕುಂಬ್ಳಕಾಯಿ ಒಡ್ದು ಬಂದವ್ನೆ, ಇವನ್ನ ಕಟ್ಕೊಂಡು ಏಗ್ಲಾ ನಾನು?" ಅಂತ ಯುಗಾದಿವರೆಗೂ ಗಂಡನ ಹತ್ತಿರ ಮಾತು ಬಿಟ್ಟಳು. ಕೊನೆಗೆ ರಾಜಿಯಾಯಿತು. ಮೊಟ್ಟೆ ಜವರಯ್ಯನಿಗೆ, ಕೋಳಿ ಮೇಷ್ಟರಿಗೆ. ಅದಕ್ಕೆ ಶರಣಮ್ಮ ಅಂತ ಹೆಸರಾಯಿತು. ಮೇಷ್ಟರ ಹೆಂಡತಿ ಕನಕಲಕ್ಷ್ಮಿ ಮೊದಮೊದಲು ಮೂಗು ಮುಚ್ಚಿಕೊಂಡಳು; ಆಮೇಲೆ ಬೈದುಕೊಂಡೇ ಮೊಸರನ್ನ ಕಲಸಿ ಹಾಕತೊಡಗಿದಳು. ಮಕ್ಕಳಿಲ್ಲದ ಮನೆ, ಸದ್ದಿಲ್ಲದ ಮನೆ. ಸಂಜೆ ಶಾಲೆ ಬಿಡುವ ಹೊತ್ತಿಗೆ ಶರಣಮ್ಮ ಬೀದಿಯ ತುದಿಯ ಲೈಟುಕಂಬದ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಮೇಷ್ಟರು ಬಂದರೆ ಮುಂದೆ ಮುಂದೆ ನಡೆದು ಮನೆ ತಲುಪಿಸುತ್ತಿದ್ದಳು. ಅವರ ಐವತ್ತು ವರ್ಷದ ಬಾಳಿನಲ್ಲಿ ಅವರಿಗೆ ಅಂತ ಕಾದು ನಿಂತವರು ಬೇರೆ ಯಾರೂ ಇರಲಿಲ್ಲ.

ಆ ಶರಣಮ್ಮ, ಶನಿವಾರ ಸಂಜೆ ಗಟ್ಟಿಮುಟ್ಟಾಗಿದ್ದವಳು, ಭಾನುವಾರ ಬೆಳಿಗ್ಗೆ ಬಚ್ಚಲೊಲೆಯ ಪಕ್ಕದ ಬುಟ್ಟಿಯಲ್ಲಿ ಕುತ್ತಿಗೆ ಚೆಲ್ಲಿ ತಣ್ಣಗೆ ಮಲಗಿದ್ದಳು. ಮುಂಗುಸಿ ಕಚ್ಚಿದ ಗುರುತಿಲ್ಲ, ರೋಗವಿಲ್ಲ, ರುಜಿನವಿಲ್ಲ. ಕನಕಲಕ್ಷ್ಮಿ ತೌರಿಗೆ ಅಂತ ಹನಕೆರೆಗೆ ಹೋಗಿದ್ದಳು. ಮೇಷ್ಟರು ಒಬ್ಬರೇ. ಮದುವೆಯಲ್ಲಿ ಕೊಟ್ಟ ಜರಿ ಉತ್ತರೀಯ ತೆಗೆದು ಶರಣಮ್ಮನನ್ನು ಸುತ್ತಿ ಮೊರದಲ್ಲಿ ಮಲಗಿಸಿದರು. ಹಿತ್ತಲಿನ ಪಾರಿಜಾತದ ಬುಡದಲ್ಲಿ ಮರ್ಯಾದೆಯಾಗಿ ಮಣ್ಣು ಮಾಡಬೇಕು, ಕನಕ ಬಂದು ಕೊನೆಯ ಸಲ ಮುಖ ನೋಡಿದ ಮೇಲೆ. ಅವರಿಗೆ ಬೇಕಾದದ್ದು ಅಷ್ಟೇ.

ಸತ್ತದ್ದನ್ನು ಮುಟ್ಟಿದ ಮೇಲೆ ಸ್ನಾನವಾಗಬೇಕಲ್ಲ. ಅಭ್ಯಾಸಬಲ, ಉಟ್ಟ ಪಂಚೆಯಲ್ಲೇ ಬಾವಿಕಟ್ಟೆಗೆ ಹೋಗಿ ಕೊಡಗಟ್ಟಲೆ ತಣ್ಣೀರು ಸುರಿದುಕೊಂಡರು. ಒಳಗೆ ಬಂದರು, ಬಟ್ಟೆ ಬದಲಾಯಿಸಿದರು, ಹಣೆಗೆ ನಾಮ ಇಡುವುದನ್ನು ಮರೆತರು. ಮರೆತು, ಬೋಳು ಹಣೆಯಲ್ಲಿ ಬೀದಿ ಜಗಲಿಗೆ ಬಂದು ಕೂತು ಅತ್ತರು.

ಬಾವಿ ಎರಡು ಮನೆಗೆ ಒಂದೇ, ಮೇಲೆ ಅಡ್ಡಗೋಡೆ. ಆಚೆ ಕಡೆ ನೀರು ಸೇದುತ್ತಿದ್ದವಳು ವೇದವತಿ. ಮೇಷ್ಟರ ದಾಯಾದಿ, ದೇವಸ್ಥಾನದ ಅರ್ಚಕ ಸಂಪತ್ ಕುಮಾರನ ಹೆಂಡತಿ. ಉಟ್ಟ ಬಟ್ಟೆಯಲ್ಲಿ ತಣ್ಣೀರು ಸ್ನಾನ ಕಂಡಳು. ಬೀದಿಗೆ ಓಡಿ ಬಂದು ನೋಡಿದರೆ ಬೋಳು ಹಣೆ, ಕಣ್ಣೀರು. ಗುಡಿಬೀದಿಯಲ್ಲಿ ಹುಟ್ಟಿದ ಮಗುವಿಗೂ ಗೊತ್ತು ಇದರ ಅರ್ಥ: ಮನೆತನದಲ್ಲಿ ಸಾವು. ಅವಳು ದೇವಸ್ಥಾನದ ಬಾಗಿಲವರೆಗೆ ಓಡಿ, ಹೊಸಲು ದಾಟದೆ ನಿಂತು ಕೂಗಿದಳು. "ಏನ್ರೀ! ಮುಟ್ಟಬೇಡಿ! ಈಚೆ ಬನ್ನಿ!"

ಒಳಗೆ ಸಂಪತ್ ಕುಮಾರ ಒಂದು ಕೊಳಗ ಬಿಸಿ ಹುಗ್ಗಿಯ ಮುಂದೆ ಸೌಟು ಹಿಡಿದಿದ್ದ. ಎದುರಿಗೆ ದೊನ್ನೆ ಹಿಡಿದ ಸಾಲು. "ಏನೇ ನಿನ್ನ ಗೋಳು?"

"ಮೇಷ್ಟರ ಹಣೆ ಬೋಳು!"

ಸೌಟು ಅಲ್ಲೇ ನಿಂತಿತು. ದಾಯಾದಿಗಳಲ್ಲಿ ಸಾವು ಅಂದರೆ ಹತ್ತು ದಿನ ಸೂತಕ, ಅರ್ಚಕ ದೇವರನ್ನು ಮುಟ್ಟುವಂತಿಲ್ಲ. ಹುಗ್ಗಿ ಹಸುಗಳ ಪಾಲು. ಬೇರೆ ಅರ್ಚಕರು ಬರುವವರೆಗೆ ಬಾಗಿಲಿಗೆ ಬೀಗ. ಸಂಪತ್ ಕುಮಾರ ನಡುಗುತ್ತಾ ಬಾವಿಗೆ ಹೋದ. ವೇದವತಿ ರೇಷ್ಮೆ ಸೀರೆ ನೆನೆಸಿಕೊಂಡಳು. ಬೀದಿಯ ಹಿರಿಯ ವೆಂಕಟರಾಮಯ್ಯನವರು, ಅವರೂ ದಾಯಾದಿಯೇ, ಕೆಮ್ಮಿಕೊಂಡೇ ಮಿಂದರು. ಬೀದಿಯ ಮುಕ್ಕಾಲು ಪಾಲು ಒಂದೇ ಬಳ್ಳಿಯವರು; ಮನೆಮನೆಯಲ್ಲೂ ಬಿಂದಿಗೆ ಮಗುಚುವ ಸದ್ದು.

ಯಾರು ಸತ್ತರು ಅಂತ ಕೇಳಬಾರದಿತ್ತೇ? ಕೇಳುವುದುಂಟೇ! ಅಳುವವರ ಎದುರು ನಿಂತು 'ಯಾರು ಸತ್ತದ್ದು' ಅನ್ನುವವನು ಮನುಷ್ಯನೇ ಅಲ್ಲ. ಲೆಕ್ಕ ಹಾಕಿಕೊಳ್ಳಬೇಕು. ಹಾಕಿದರು. ಹೋಗುವ ವಯಸ್ಸಿಗೆ ಬಂದವರು ಒಬ್ಬರೇ: ಮೇಷ್ಟರ ದೊಡ್ಡಪ್ಪನ ಹೆಂಡತಿ ಗೋದಮ್ಮ. ಮಳವಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಎಂಬತ್ತರ ಹತ್ತಿರ ಹತ್ತಿರ. ಮತ್ತೆ ಇನ್ಯಾರು?

ಒದ್ದೆ ಬಟ್ಟೆಯಲ್ಲಿ ಬೀದಿಯೆಲ್ಲ ಬಂದು ಜಗಲಿಯ ಮುಂದೆ ನಿಂತಿತು. ವೆಂಕಟರಾಮಯ್ಯನವರು ಮೆಲ್ಲಗೆ ಕೇಳಿದರು. "ಯಾವಾಗ?"

"ಬೆಳಗಿನ ಜಾವ."

"ನರಳಾಟ ಗಿರಳಾಟ..."

ಮೇಷ್ಟರು ತಲೆಯಾಡಿಸಿದರು. "ನಿನ್ನೆ ಸಂಜೆ ಕೂಡ ಮೊಸರನ್ನ ಚೆನ್ನಾಗೇ ಇಳೀತು."

"ಅನಾಯಾಸ ಮರಣ. ಪುಣ್ಯವಂತ ಜೀವ."

ಮೇಷ್ಟರು ತಲೆಯೆತ್ತಿ ನೋಡಿದರು. ಎಲ್ಲರ ತಲೆಯಿಂದಲೂ ನೀರು ತೊಟ್ಟಿಕ್ಕುತ್ತಿದೆ. ಸಂಪತ್ ಕುಮಾರನ ತುಟಿ ನೀಲಿಗಟ್ಟಿದೆ. ಕೋಳಿಯನ್ನು ಕಂಡರೆ ಕಲ್ಲು ಹೊಡೆಯುತ್ತಿದ್ದ ಬೀದಿ, ಈ ಚಳಿಯಲ್ಲಿ ಶರಣಮ್ಮನಿಗೆ ಅಂತ ಮಿಂದು ಬಂದು ನಿಂತಿದೆ! ಮೇಷ್ಟರು ಕಣ್ಣೊರೆಸಿಕೊಂಡರು. "ಸಂಪತ್ತೂ, ದೇವಸ್ಥಾನಕ್ಕೂ ಬೀಗ ಹಾಕಿದೆಯೇನೋ?"

"ಹಾಕದೆ? ನಮ್ಮ ಧರ್ಮ ಅಲ್ಲವೇ?"

"ನೀವೆಲ್ಲ ಇಷ್ಟು ವಿಶ್ವಾಸ ಇಟ್ಟಿದ್ದೀರಿ ಅಂತ ನನಗೆ ಗೊತ್ತೇ ಇರಲಿಲ್ಲ ಕಣೋ" ಅಂತ ಮೇಷ್ಟರು ಇನ್ನಷ್ಟು ಅತ್ತರು. ದೊಡ್ಡಮ್ಮನ ಮೇಲೆ ಇವನಿಗೆ ಎಂಥ ಪ್ರೀತಿ ಅಂತ ಬೀದಿ ಬೆರಗಾಯಿತು.

ಅಳುತ್ತಿದ್ದ ಮೇಷ್ಟರನ್ನು ಎಬ್ಬಿಸದೆ ವೆಂಕಟರಾಮಯ್ಯನವರೇ ಸಂಸ್ಕಾರಕ್ಕೆ ಹೋಗಿಬರುತ್ತೇನೆಂದು ಮಳವಳ್ಳಿ ಬಸ್ಸಿಗೆ ಹೊರಟರು. ಹೊರಡುವಾಗ ವೇದವತಿಯ ಹತ್ತಿರ ಮಾತ್ರ ತಗ್ಗಿದ ದನಿಯಲ್ಲಿ, "ಗೋದಮ್ಮನ ಹತ್ತಿರ ಇರೋ ತಾಮ್ರದ ಹಂಡೆ ನಮ್ಮ ತಾತನದು, ಎಲ್ಲರಿಗೂ ನೆನಪಿರಲಿ" ಅಂದರು.

ಇಷ್ಟರಲ್ಲಿ ಜವರಯ್ಯ ಹಾಲಿನ ಕ್ಯಾನು ತೂಗುಹಾಕಿಕೊಂಡು ಬಂದ. ಬೀದಿಯೆಲ್ಲ ಒದ್ದೆ, ಗುಡಿಗೆ ಬೀಗ. ಹಿತ್ತಲ ಬಾಗಿಲಿಗೆ ಹೋಗಿ ದಿನದ ಮೊಟ್ಟೆಗೆ ಕೈಯೊಡ್ಡಿದ. ಮೇಷ್ಟರು ಎದ್ದು ಬಂದು ಮೊರ ತೋರಿಸಿದರು.

"ಅಯ್ ಸಿವ್ನೆ! ಓಗ್ಬುಡ್ತಾ!" ಜವರಯ್ಯ ಬಗ್ಗಿ ಉತ್ತರೀಯ ಸರಿಸಿ ಬೆರಳಲ್ಲಿ ಒತ್ತಿ ನೋಡಿದ. "ಸಾಮಿ, ಈಗ್ಲೇ ಕೊಟ್ಬುಡಿ. ಇನ್ನೂ ಎಳೇ ಬಿಸ್ಲು, ಕೆಟ್ಟಿರಾಕಿಲ್ಲ. ನಮ್ ಒಂಬಾಳಿ ಕಾಯಿ, ಕಾರ ಅರ್ದು ಸಾರು..."

"ಜವರಯ್ಯ."

"ಬುಡಿ ಸಾಮಿ, ಮೊದ್ಲೇ ಅಮ್ಮನ ಕೋಳಿ, ಹಂಗಾದ್ರೂ ರುಣ ತೀರ್ಲಿ ಅಂದೆ."

"ಅವಳು ಸಾರಾಗಲ್ಲ" ಅಂದರು ಮೇಷ್ಟರು. ಜವರಯ್ಯ ಕೈ ಹಿಂದೆ ತೆಗೆದುಕೊಂಡ. ಬೀದಿಗೆ ಬಂದು ಒದ್ದೆ ಜನವನ್ನೂ ಗುಡಿಯ ಬೀಗವನ್ನೂ ಇನ್ನೊಂದು ಸಲ ನೋಡಿದ. ಕೋಳಿ ಸತ್ತರೆ ಅಯ್ಯಂಗಾರರು ಗುಡಿಗೆ ಬೀಗ ಹಾಕುತ್ತಾರೆ ಅಂತ ಅವನಿಗೆ ಅವತ್ತೇ ಗೊತ್ತಾದದ್ದು. ವೈದ್ಯನಾಥಪುರಕ್ಕೆ ಹೋಗಿ ಹೆಂಡತಿಗೆ ಹೇಳಿದ. "ಒಂಬಾಳಿ, ತಿನ್ನೋ ನಾವೇ ಇಷ್ಟು ಮರ್ವಾದೆ ಕೊಡಾಕಿಲ್ಲ ಕಣಮ್ಮಿ. ತಿನ್ದೇ ಇರೋರು ನೋಡು!"

ಮಳವಳ್ಳಿಯಲ್ಲಿ ಗೋದಮ್ಮ ಜಗಲಿಯ ಮೇಲೆ ಕಾಲು ಚಾಚಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಸಂಸ್ಕಾರಕ್ಕೆ ಅಂತ ಬಂದ ವೆಂಕಟರಾಮಯ್ಯನವರು ಬೀದಿಯಲ್ಲೇ ಕುಸಿದು ಕೂತರು. ಹೆಣ ಅವರೆಕಾಯಿ ಸುಲಿಯುವುದನ್ನು ಅವರು ಅದುವರೆಗೆ ಕಂಡಿರಲಿಲ್ಲ.

"ಎಂಕಟು? ಏನೋ ಇದು ಕೂತುಬಿಟ್ಟೆ?" ಅಂತ ಗೋದಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. ಅವಳೂ ಗುಡಿಬೀದಿಯ ಸೊಸೆಯೇ. ಮೊದಲು ಕಂಡದ್ದು ಹಣೆ. "ಅಯ್ಯೋ, ಬೋಳು ಹಣೆ! ಯಾರೋ? ಯಾರು ಹೋದರೋ?"

'ನೀವು' ಅಂತ ಹೇಳುವುದು ಹೇಗೆ? ವೆಂಕಟರಾಮಯ್ಯನವರು ಎದ್ದು ಪಂಚೆಯ ಧೂಳು ಕೊಡವಿಕೊಂಡರು. ಕೊನೆಗೆ ಗೊತ್ತಿದ್ದ ಒಂದೇ ನಿಜವನ್ನು ಹೇಳಿದರು. "ತಿರುನಾರಾಯಣ ಬೆಳಿಗ್ಗೆಯಿಂದ ಜಗಲಿ ಮೇಲೆ ಅಳುತ್ತಾ ಕೂತಿದಾನೆ."

ಗೋದಮ್ಮನ ಕೈಯಿಂದ ಅವರೆಕಾಯಿ ಮೊರ ಬಿತ್ತು. "ಅಯ್ಯೋ ಕನಕಾ! ನನ್ನ ಮುಂದೆ ಹೋದೆಯಾ ತಾಯಿ!" ಅಂತ ಎದ್ದು, ಹೋಗಿ ತಣ್ಣೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಬಸ್ಸು ಹತ್ತಿದಳು. ಪಕ್ಕದಲ್ಲಿ ವೆಂಕಟರಾಮಯ್ಯನವರು. ದಾರಿಯುದ್ದಕ್ಕೂ ಕಿಟಕಿಯ ಹೊರಗೇ ನೋಡುತ್ತಾ ಕೂತರು.

ಅದೇ ಹೊತ್ತಿಗೆ ಕನಕಲಕ್ಷ್ಮಿ ಹನಕೆರೆಯಿಂದ ರೈಲಿನಲ್ಲಿ ಬಂದು ಮದ್ದೂರು ಸ್ಟೇಷನ್ನಿನಲ್ಲಿ ಇಳಿದಳು. ಹೂ ಮಾರುವ ಚಲುವಮ್ಮ ಓಡಿ ಬಂದಳು. "ಅಮ್ಮಾವ್ರೇ, ಊವ ಮುಡೀಬ್ಯಾಡಿ. ಮಳವಳ್ಳಿ ದೊಡ್ಡವ್ವೋರು ಓಗ್ಬುಟ್ರಂತೆ. ನಿಮ್ ಯಜಮಾನ್ರು ಒಂದೇ ಸಮ ಅಳ್ತಾವ್ರಂತೆ." ಕನಕಲಕ್ಷ್ಮಿ ಸ್ಟೇಷನ್ನಿನ ನಲ್ಲಿಯ ಕೆಳಗೆ ತಲೆ ಕೊಟ್ಟಳು. ಸೀರೆ ಹಿಂಡಿಕೊಂಡು, ಅಳುತ್ತಾ ನಡೆದಳು.

ಗುಡಿಬೀದಿಯ ತುದಿಯ ಲೈಟುಕಂಬದ ಹತ್ತಿರ, ಬಸ್‌ಸ್ಟ್ಯಾಂಡಿನ ಕಡೆಯಿಂದ ಗೋದಮ್ಮ, ಸ್ಟೇಷನ್ನಿನ ಕಡೆಯಿಂದ ಕನಕಲಕ್ಷ್ಮಿ. "ಅಯ್ಯೋ ದೊಡ್ಡಮ್ಮಾ!" ಅಂತ ಇವಳು. "ಅಯ್ಯೋ ಕನಕಾ!" ಅಂತ ಅವಳು. ಇಬ್ಬರೂ ಕಣ್ಣು ಮುಚ್ಚಿಕೊಂಡು ತಬ್ಬಿಕೊಂಡರು, ಗಟ್ಟಿಯಾಗಿ ಅತ್ತರು. ಅಳು ಒಂದು ಸುತ್ತು ಮುಗಿದು, ಉಸಿರು ತೆಗೆದುಕೊಳ್ಳುವಾಗ ಕಣ್ಣು ಬಿಟ್ಟರು.

ಗೋದಮ್ಮ ಕನಕಲಕ್ಷ್ಮಿಯ ಮೂಗು ಹಿಡಿದು ಎಳೆದಳು. ಬಿಸಿಯಾಗಿತ್ತು. "ಬದುಕಿದ್ದೀಯೇನೇ?"

"ನೀವು ಬದುಕಿದ್ದೀರಾ ದೊಡ್ಡಮ್ಮ?"

"ನನಗೇನು ಧಾಡಿ! ನಾನು ಸತ್ತೆ ಅಂತ ಯಾವನೇ ಹೇಳಿದ್ದು?"

ವೆಂಕಟರಾಮಯ್ಯನವರು ಲೈಟುಕಂಬದ ಹಿಂದೆ ಹೋದರು. ಕಂಬ ತೆಳ್ಳಗಿತ್ತು.

ಬೀದಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ಗೋದಮ್ಮನನ್ನು ಕಂಡು ವೇದವತಿ ಒಂದು ಸಲ ಕಿರುಚಿದಳು. ಇವಳಲ್ಲದಿದ್ದರೆ, ಅವಳಲ್ಲದಿದ್ದರೆ, ಸತ್ತವರು ಯಾರು? ಜನವೆಲ್ಲ ಮೇಷ್ಟರ ಜಗಲಿಗೆ ನುಗ್ಗಿತು. ಮೇಷ್ಟರು ಹೆಂಡತಿಯನ್ನು ಕಂಡು ಎದ್ದು ನಿಂತರು. "ಕನಕಾ, ಶರಣಮ್ಮ ಹೋಗಿಬಿಟ್ಟಳು."

ಕನಕಲಕ್ಷ್ಮಿ ಬಾಯಿಗೆ ಸೆರಗು ಒತ್ತಿಕೊಂಡಳು. ಈ ಸಲ ಸದ್ದಿಲ್ಲದೆ ಅತ್ತಳು. ಉಳಿದವರಿಗೆ ವಿಷಯ ತಲೆಗೆ ಇಳಿಯುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಇಳಿದ ಮೇಲೆ ಬೀದಿ ಹತ್ತಿ ಉರಿಯಿತು.

"ಕೋಳಿ!" ಅಂತ ಸಂಪತ್ ಕುಮಾರ ಕೂಗಿದ. ಶೀತಕ್ಕೆ ಅವನ ದನಿ ಆಗಲೇ ಕಟ್ಟಿತ್ತು. "ಧನುರ್ಮಾಸದಲ್ಲಿ ಕೋಳಿಗೆ ಸೂತಕ ಹಿಡಿಸಿದೆಯೇನೋ ಪಾಪಿ! ಕೊಳಗದ ಹುಗ್ಗಿ ಹಸುವಿಗೆ ಹಾಕಿದೆನಲ್ಲೋ! ಕೇಳು, ಆ ಹೆಣ ಈ ಬೀದಿಯ ಮಣ್ಣಿಗೆ ಬೀಳಕೂಡದು. ಈಗಲೇ ತಿಪ್ಪೆಗೆ ಎಸಿ, ಇಲ್ಲ ಜವರಯ್ಯನ ಕೈಗೆ ಕೊಡು. ಆಮೇಲೆ ಗರುಡಗಂಬದ ಮುಂದೆ ಬಂದು ತಪ್ಪಾಯ್ತು ಅನ್ನು."

ಮೇಷ್ಟರು ಒಳಗೆ ಹೋದರು. ಕೊಡುವುದಕ್ಕೇ ಹೋದರು ಅಂತ ಎಲ್ಲರೂ ತಿಳಿದರು. ಜರಿ ಉತ್ತರೀಯದಲ್ಲಿ ಸುತ್ತಿದ ಶರಣಮ್ಮನನ್ನು ಎದೆಗೆ ಒತ್ತಿಕೊಂಡು ಬಂದು ಹೊಸಲ ಮೇಲೆ ನಿಂತರು.

"ಎಸೆಯಲ್ಲ" ಅಂದರು. "ಕೊಡಲ್ಲ. ತಪ್ಪಾಯ್ತು ಅನ್ನಲ್ಲ."

ಅಷ್ಟು ಜೋರಾದ ದನಿ ಆ ಮೈಯೊಳಗೆ ಇತ್ತು ಅಂತ ಕನಕಲಕ್ಷ್ಮಿಗೂ ಗೊತ್ತಿರಲಿಲ್ಲ.

"ಯಾರ ಮುಂದೆ ಅನ್ನಬೇಕು? ಗರುಡನ ಮುಂದೆಯೇ? ಗರುಡನೇನು ಕುದುರೆಯೇನೋ? ಅವನೂ ರೆಕ್ಕೆಯವನೇ! ಕಾಡಿನಲ್ಲಿ ರೆಕ್ಕೆ ಕಡಿದು ಬಿದ್ದ ಹದ್ದಿಗೆ ದೇವರೇ ಕೂತು ಸಂಸ್ಕಾರ ಮಾಡಿದ. ಅದನ್ನ ಹೇಳುವಾಗೆಲ್ಲ ನೀನೇ ಅಳ್ತೀಯಲ್ಲೋ ಸಂಪತ್ತು!"

"ಅದು ಹದ್ದು ಕಣೋ! ಇದು ಕೋಳಿ!"

"ಹದ್ದು ಮಾಂಸ ತಿನ್ನುತ್ತಿತ್ತು. ಇವಳು ಮೊಸರನ್ನ ತಿಂದವಳು!"

ಗುಡಿಬೀದಿ ತಲೆಮಾರುಗಳಿಂದ ತರ್ಕಕ್ಕೆ ಹೆಸರಾದ ಬೀದಿ. ಕಂಬದ ಹಿಂದಿನಿಂದ ಬಂದಿದ್ದ ವೆಂಕಟರಾಮಯ್ಯನವರು, "ಮಾತು ತೂಕದ್ದೇ..." ಅಂತ ಶುರುಮಾಡಿ ಸಂಪತ್ ಕುಮಾರನ ಮುಖ ನೋಡಿ ನಿಲ್ಲಿಸಿದರು.

"ಶರಣು ಅಂತ ಬಂದವಳು. ಬದುಕಿದ್ದಾಗ ಬಿಡಲಿಲ್ಲ, ಈಗ ಬಿಡ್ತೀನಾ? ಪಾರಿಜಾತದ ಕೆಳಗೆ ಹೂಳ್ತೀನಿ. ಬೇಕಾದರೆ ನನಗೆ ಬಹಿಷ್ಕಾರ ಹಾಕಿ. ನೀವಾಗಿ ಮಿಂದು ಬಂದಿರಿ, ನಾನು ಕರೆದಿದ್ದೆನೇ?"

"ಗೋದಮ್ಮನಿಗೆ ಅಂತ ಮಿಂದೆವೋ!" ಅಂದ ಸಂಪತ್ ಕುಮಾರ. 

"ನನಗೋ?" ಅಂತ ಇಷ್ಟು ಹೊತ್ತು ಸುಮ್ಮನೆ ಜಗಲಿಯ ಮೇಲೆ ಕೂತಿದ್ದ ಗೋದಮ್ಮ ಎದ್ದಳು. "ಸಂಪತ್ತು, ನಾನು ಸತ್ತೆ ಅಂದಾಗ ನಿನಗೆ ಮೊದಲು ಏನಪ್ಪಾ ನೆನಪಾಯಿತು?"

ಸಂಪತ್ ಕುಮಾರ ಸುಳ್ಳು ಹೇಳುವುದಕ್ಕೆ ಆಗದೆ, "ಹುಗ್ಗಿ" ಅಂದ.

"ನೀನು ಹೇಳೇ ವೇದಾ."

"ರೇಷ್ಮೆ ಸೀರೆ ಉಟ್ಟಿದ್ದೆ ದೊಡ್ಡಮ್ಮ, ಬಣ್ಣ ಬಿಡುತ್ತೋ ಅಂತ..." ವೇದವತಿ ಅಷ್ಟಕ್ಕೆ ನಿಲ್ಲಿಸುವವಳಲ್ಲ. "ವೆಂಕಟರಾಮಯ್ಯನವರು ತಾಮ್ರದ ಹಂಡೆ ನೆನೆಸಿಕೊಂಡರು."

ವೆಂಕಟರಾಮಯ್ಯನವರಿಗೆ ಜೋರಾಗಿ ಕೆಮ್ಮು ಬಂತು.

"ಹಾಗಾದರೆ ಕೇಳಿ" ಅಂದಳು ಗೋದಮ್ಮ. "ನಾನು ಸತ್ತೆ ಅಂತ ಇಡೀ ಬೀದಿ ತಲೆ ಮೇಲೆ ನೀರು ಸುರಿದುಕೊಂಡಿರಿ. ಕನಕನನ್ನು ಬಿಟ್ಟರೆ ಕಣ್ಣಲ್ಲಿ ಒಂದು ಹನಿ ಯಾರಿಗಾದರೂ ಬಂತೇನ್ರೋ? ಇಲ್ಲಿ ಅತ್ತವನು ಇವನೊಬ್ಬ, ಅದೂ ಕೋಳಿಗೆ. ಇಂಥ ಒಣ ಸ್ನಾನ ನನಗೆ ಬೇಡ, ನಾನು ಒಪ್ಪಲ್ಲ. ಅದು ಶರಣಮ್ಮನ ಲೆಕ್ಕಕ್ಕೇ ಹೋಗಲಿ. ಮಿಂದವರೆಲ್ಲ ನಡೀರಿ ಹಿತ್ತಲಿಗೆ. ಒಬ್ಬೊಬ್ಬರೂ ಒಂದು ಹಿಡಿ ಮಣ್ಣು ಹಾಕದೆ ಹೋದರೆ, ನಾಳೆ ನಾನು ನಿಜವಾಗಿ ಸತ್ತಾಗ ಹಂಡೆ, ಕೊಡಪಾನ ಎಲ್ಲ ಗುಜರಿಗೆ!"

ವೆಂಕಟರಾಮಯ್ಯನವರು ಎಲ್ಲರಿಗಿಂತ ಮುಂದೆ ಹಿತ್ತಲು ಸೇರಿದರು. ಅಲ್ಲಿ ನೋಡಿದರೆ ಜವರಯ್ಯ ಗುದ್ದಲಿ ಹಿಡಿದು ಕೂತಿದ್ದಾನೆ. ಗುಡಿಗೇ ಬೀಗ ಹಾಕಿಸಿದ ಕೋಳಿಯ ಮಣ್ಣಿಗೆ ಹೋಗದಿದ್ದರೆ ಪಟ್ಟಲದಮ್ಮ ಮುನಿದಾಳು ಅಂತ ಹೊಂಬಾಳಮ್ಮ ಅಟ್ಟಿದ್ದಳು. "ಬುಡಿ ಸಾಮಿ, ನಾನೇ ತೋಡ್ತೀನಿ" ಅಂತ ಮೇಷ್ಟರನ್ನು ಸರಿಸಿದ. ತೋಡುವಾಗ ಒಂದೇ ಸಲ, "ಎಂಥಾ ಕೋಳಿ, ಮಣ್ಣಿಗೋಯ್ತದೆ" ಅಂದು ನಿಟ್ಟುಸಿರುಬಿಟ್ಟ.

ಎಲ್ಲರೂ ಮಣ್ಣು ಹಾಕಿದರು. ಸಂಪತ್ ಕುಮಾರ ಮುಖ ಆ ಕಡೆ ತಿರುಗಿಸಿಕೊಂಡು ಹಾಕಿದ. ಆದರೂ ಬಾಯಲ್ಲಿ ಏನೋ ಮಂತ್ರ ಬಂದುಹೋಯಿತು; ಅಭ್ಯಾಸಬಲ. ಎಲ್ಲ ಮುಗಿದು ಕೈ ಒರೆಸಿಕೊಳ್ಳುವಾಗ ವೇದವತಿಗೆ ನೆನಪಾಯಿತು. "ಏನ್ರೀ, ಮಣ್ಣು ಹಾಕಿದ ಮೇಲೆ ಮತ್ತೆ ಸ್ನಾನ ಆಗಬೇಕಲ್ಲ?"

ಗುಡಿಬೀದಿಯಲ್ಲಿ ಆ ಸಂಜೆ ಮತ್ತೊಮ್ಮೆ ಬಿಂದಿಗೆಗಳು ಮಗುಚಿದವು.

ರಾತ್ರಿ ಊಟಕ್ಕೆ ಮುಂಚೆ ಬಚ್ಚಲೊಲೆಯ ಮುಂದೆ ಕೂದಲು ಆರಿಸಿಕೊಳ್ಳುತ್ತಾ ಗೋದಮ್ಮ ಕೇಳಿದಳು. "ಲೋ ತಿರುನಾರಾಯಣ, ಆ ಕೋಳಿಗೆ ಅತ್ತೆಯಲ್ಲ, ನಾನು ಹೋದಾಗ ಅದರಲ್ಲಿ ಅರ್ಧವಾದರೂ ಅಳ್ತೀಯೇನೋ?"

ಮೇಷ್ಟರು ಯೋಚಿಸಿದರು. ಖಾಲಿ ಬುಟ್ಟಿಯ ಕಡೆ ನೋಡಿದರು. "ದಿನಾ ನಾನು ಬರೋ ಹೊತ್ತಿಗೆ ಲೈಟುಕಂಬದ ಹತ್ತಿರ ಬಂದು ಕಾಯುತ್ತಿದ್ದಳು ದೊಡ್ಡಮ್ಮ" ಅಂದರು.

ಗೋದಮ್ಮ ಉರಿಗೆ ಒಂದು ಸೌದೆ ಸರಿಸಿದಳು. "ಹೂಂ" ಅಂದಳು.

ಮಾರನೆಯ ದಿನ ದೇವಸ್ಥಾನದ ಬಾಗಿಲು ತೆರೆಯಿತು, ಹುಗ್ಗಿ ಬೆಂದಿತು, ಮೇಷ್ಟರು ನಾಮ ಇಟ್ಟುಕೊಂಡೇ ಶಾಲೆಗೆ ಹೋದರು. ಸಂಜೆ ಬರುವಾಗ ಬೀದಿ ಹತ್ತಿರವಾದಂತೆ ಕಾಲು ಭಾರವಾಯಿತು. ಇನ್ನೊಂದು ದಾರಿಯಲ್ಲಿ ಸುತ್ತಿಕೊಂಡು ಹೋಗೋಣವೇ ಅಂತ ನಿಂತರು. ತಲೆಯೆತ್ತಿದರೆ, ಲೈಟುಕಂಬದ ಹತ್ತಿರ ಕೆಂಪು ಸೀರೆಯ ಸೆರಗು ಹೊದ್ದು, ಕೋಲೂರಿಕೊಂಡು, ಮಳವಳ್ಳಿ ಬಸ್ಸು ಬಿಟ್ಟು ನಿಂತಿದ್ದಾಳೆ ಗೋದಮ್ಮ.

"ಎಷ್ಟು ಹೊತ್ತೋ ಬರೋದು? ನಿಂತೂ ನಿಂತೂ ಕಾಲು ಹೋಯಿತು" ಅಂತ ಗದರಿ, ಮುಂದೆ ಮುಂದೆ ನಡೆದಳು. ಮೇಷ್ಟರು ಹಿಂದೆ. ಮನೆಯ ಹೊಸಲು ಬಂದಾಗ ತಿರುಗಿ ಕೋಲಿನಲ್ಲಿ ಅವರ ಎದೆ ತಿವಿದಳು.

"ನಾಳೆಯೂ ಬರ್ತೀನಿ, ನಾಡಿದ್ದೂ ಬರ್ತೀನಿ. ಅದು ಹೇಗೆ ನೀನು ನನಗೆ ಅಳದೆ ಇರ್ತೀಯೋ, ನಾನೂ ನೋಡ್ತೀನಿ!"